ಸಕ್ಕರೆ ಗುಂಪಿನ ಚುಕ್ಕೆ

ಅನ್ನಪೂರ್ಣೇಶ್ವರಿ ನಗರ
14 ಜೂನ್ 2024

ಡಾ. ಚಿಕ್ಕಹನುಮಯ್ಯ ಅವರಿಗೆ ಚೇತನಾಳ ನಮಸ್ಕಾರಗಳು.

ನಿಮಗೆ ನನ್ನ ಪರಿಚಯವಿಲ್ಲ. ನಾಗರಭಾವಿ ಕಡೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಕೆಲಸದ ಜೊತೆಜೊತೆಗೇ ಗ್ರಂಥಾಲಯ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಅಥವಾ ಮಾಡುತ್ತಿದ್ದೇನೆಂದು ಹೇಳಿಕೊಂಡು ಓಡಾಡುತ್ತಿದ್ದೇನೆ. ನಿಮ್ಮ ವಿಳಾಸ ಕೊಟ್ಟವರು ನನ್ನ ಗೈಡ್ ನಾಗೇಂದ್ರ ಸಾರ್. "ಫೋನ್ ಮಾಡ್ಬೇಡಮ್ಮ, ಅವ್ರಿಗೆ ಕಿವಿ ಮಂದ, ಫೋನಲ್ಲಿ ಕೇಳ್ಸಲ್ಲ. ಮೇಲ್ ನೋಡೋರೂ ಅಲ್ಲ. ಕಾಗದ ಬರಿ, ಉತ್ತರ ಬಂದೇ ಬರತ್ತೆ, ಬೈದಾದ್ರೂ ಬರೀತಾರೆ" ಎಂದರು. ಹಾಗಾಗಿ ಈ ಕಾಗದ.

ನನ್ನ ವಿಷಯವನ್ನು ಹೇಳಿಬಿಡುತ್ತೇನೆ. ಜೀವಭೌತ ರಸಾಯನಶಾಸ್ತ್ರದ ಒಂದು ವಿದೇಶಿ ಪತ್ರಿಕೆ, ನೀವು ಬಹಳ ಕಾಲ ಬರೆದ ಪತ್ರಿಕೆಯೇ, ಅದರಲ್ಲಿ ಕಳೆದ ಮೂರು ದಶಕಗಳಲ್ಲಿ ಯಾವ ಯಾವ ವಿಷಯಗಳ ಮೇಲೆ ಲೇಖನಗಳು ಬಂದವು, ಯಾವುದು ಏರಿತು, ಯಾವುದು ಇಳಿಯಿತು ಎಂದು ನೋಡುವುದು. ಲೇಖನಗಳ ಕೀವರ್ಡ್‌ಗಳನ್ನೆಲ್ಲ ಒಂದು ಸಾಫ್ಟ್‌ವೇರಿಗೆ ಹಾಕಿದರೆ ಅದು ನಕ್ಷೆಯೊಂದನ್ನು ಬಿಡಿಸಿ ಕೊಡುತ್ತದೆ. ಒಂದು ಪದಕ್ಕೆ ಒಂದು ಚುಕ್ಕೆ. ಹೆಚ್ಚು ಲೇಖನಗಳಲ್ಲಿ ಬಂದ ಪದಕ್ಕೆ ದಪ್ಪ ಚುಕ್ಕೆ. ಒಟ್ಟೊಟ್ಟಿಗೆ ಬರುವ ಪದಗಳು ಗೆರೆಗಳಿಂದ ಸೇರಿಕೊಂಡು ಒಂದೇ ಬಣ್ಣದ ಗುಂಪಾಗಿ ಕೂರುತ್ತವೆ. ಆದರೆ ಗುಂಪಿಗೆ ಹೆಸರನ್ನು ಸಾಫ್ಟ್‌ವೇರ್ ಇಡುವುದಿಲ್ಲ. ಅದನ್ನು ವಿಷಯ ಬಲ್ಲವರೊಬ್ಬರು ಇಟ್ಟು, ನಕ್ಷೆ ಸರಿಯಿದೆ ಎಂದು ದೃಢೀಕರಣಕ್ಕೆ ಸಹಿ ಹಾಕಬೇಕು. ನಾನು ಬಿ.ಎ. ಓದಿದವಳು. ಪ್ರೋಟೀನು ಎಂದರೆ ನನಗೆ ಬೇಳೆ ನೆನಪಾಗುತ್ತದೆ.

ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಜೊತೆಗಿಟ್ಟಿದ್ದೇನೆ. ಬರುವ ಮಾರ್ಚ್‌ಗೆ ನನ್ನ ನೋಂದಣಿಯ ಅವಧಿ ಮುಗಿಯುತ್ತದೆ. ನಿಮ್ಮ ಆರೋಗ್ಯ ಅನುಮತಿಸಿದರೆ ದಯವಿಟ್ಟು ಒಮ್ಮೆ ನೋಡಿ.

ಗೌರವದಿಂದ,
ಚೇತನಾ ಕಲ್ಮೇಶ್


ಮಹಾಲಕ್ಷ್ಮಿ ಲೇಔಟ್
2 ಜುಲೈ 2024

ಶ್ರೀಮತಿ ಚೇತನಾ ಅವರಿಗೆ,

ನಿಮ್ಮ ಕಾಗದ ಬಂದು ವಾರದ ಮೇಲಾಯಿತು. ತಡವಾದದ್ದಕ್ಕೆ ಕಾರಣವೇನೂ ಇಲ್ಲ, ಮೈಗಳ್ಳತನ. ನಾಗೇಂದ್ರ ನಿಮಗೆ ಹೇಳಿದ್ದು ಹಳೆಯ ಸುದ್ದಿ. ಬೈಯುವುದಕ್ಕೂ ಉಸಿರು ಬೇಕು, ಈಗ ಅಷ್ಟೆಲ್ಲ ಇಲ್ಲ.

ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ನನ್ನ ಹೆಂಡತಿ ರಾಮಕ್ಕ ಬಂದು ನೋಡಿ, "ಇದೇನ್ರೀ, ಮಕ್ಕಳು ಬಣ್ಣ ಚೆಲ್ದಂಗಿದೆ. ಮೇಜು ಬಿಡಿ, ಸೊಪ್ಪು ಬಿಡಿಸ್ಬೇಕು" ಎಂದಳು. ಅವಳ ಸೊಪ್ಪಿನ ಕೆಲಸ ಮುಗಿಯುವವರೆಗೆ ಕಾದು ಮತ್ತೆ ಹರಡಿದೆ. ಬರೆದುಕೊಳ್ಳಿ.

ಕೆಂಪು ಗುಂಪು: ಹಸುವಿನ ರಕ್ತದಿಂದ ತೆಗೆದ ಒಂದು ಅಗ್ಗದ ಪ್ರೋಟೀನು, ಅದಕ್ಕೆ ಒಂದು ಬಣ್ಣವನ್ನೋ ಮಾತ್ರೆಯ ಪುಡಿಯನ್ನೋ ಬೆರೆಸಿ, ಹೊಳಪು ಎಷ್ಟು ಕುಗ್ಗಿತೆಂದು ಅಳೆಯುವುದು. ಯಾವ ಕಾಲೇಜಿಗೆ ಹೊಳಪು ಅಳೆಯುವ ಯಂತ್ರ ಬಂತೋ ಅಲ್ಲಿಂದ ಈ ಲೇಖನ ಬಂತು. ಅದೇ ಅನ್ನ, ದಿನಕ್ಕೊಂದು ಸಾರು. 'ಪ್ರೋಟೀನು-ಔಷಧಿ ಬಂಧ' ಎಂದು ಮರ್ಯಾದೆಯ ಹೆಸರಿಡಿ. ನೀಲಿ ಗುಂಪು ಜೀವಕೋಶದ ಪೊರೆ. ಹಳದಿ, ಪ್ರೋಟೀನು ತಪ್ಪಾಗಿ ಮಡಚಿಕೊಂಡು ಬರುವ ಮರೆವಿನ ಕಾಯಿಲೆಗಳು. ಅನುದಾನ ಯಾವ ಕಾಯಿಲೆಗೆ ಬಂತೋ ಎಲ್ಲರೂ ಆ ಕಡೆಗೆ ನಡೆದರು. ತಪ್ಪು ಎನ್ನಲಾರೆ, ಲ್ಯಾಬಿನ ಬಾಗಿಲು ತೆಗೆದಿರಬೇಕಲ್ಲ. ಹಸಿರು, ಅಣುಗಳನ್ನು ಕಂಪ್ಯೂಟರಿನೊಳಗೇ ಕುಣಿಸುವುದು. ಅದರಲ್ಲಿ ಕೈ ಒದ್ದೆಯಾಗುವುದಿಲ್ಲ, ಆದ್ದರಿಂದ ಈಗಿನವರಿಗೆ ಇಷ್ಟ.

ನೇರಳೆ ಗುಂಪನ್ನು 'ಸಕ್ಕರೆ ಮತ್ತು ಒಣಗುವಿಕೆ' ಎಂದು ಬರೆಯಿರಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರೆಬೀಜ ಒಣಗಿ ಕಲ್ಲಾಗಿರುತ್ತದೆ, ವರ್ಷ ಕಳೆದು ನೀರು ಹಾಕಿದರೆ ಮೊಳೆಯುತ್ತದೆ. ಒಳಗಿನ ಪ್ರೋಟೀನು ಒಣಗಿಯೂ ಕೆಡಲಿಲ್ಲ. ಹೇಗೆ? ಪ್ರೋಟೀನಿನ ಮೈಗೆ ಅಂಟಿದ್ದ ನೀರು ಪೂರ್ತಿ ಹೊರಟುಹೋಗುತ್ತದೆ, ಬೀಜದೊಳಗಿನ ಸಕ್ಕರೆ ಬಂದು ಆ ಜಾಗದಲ್ಲಿ ಕೂತು ಕಾಪಾಡುತ್ತದೆ ಎನ್ನುತ್ತಾರೆ ಈ ನೇರಳೆ ಗುಂಪಿನವರು. ನಾನು ಹೇಳಿದ್ದು ಹಾಗಲ್ಲ. ಕೊನೆಯ ಒಂದು ತೆಳುಪದರ ನೀರು ಹೋಗುವುದೇ ಇಲ್ಲ, ಸಕ್ಕರೆ ಹೊರಗೆ ನಿಂತು ಅದನ್ನು ತಡೆದು ಹಿಡಿದಿರುತ್ತದೆ ಎಂದು. ನನ್ನ ಸರ್ವೀಸಿನ ಉದ್ದಕ್ಕೂ ಮಾಡಿದ್ದು ಇದೊಂದೇ ಕೆಲಸ. 'ಉಳಿಕೆ ನೀರು' ಎಂದು ಹೆಸರಿಟ್ಟಿದ್ದೆ.

ಅದು ನಕ್ಷೆಯಲ್ಲಿ ಎಲ್ಲಿದೆಯೋ ನನಗೆ ಕಾಣಲಿಲ್ಲ. ಕನ್ನಡಕ ಬದಲಾಯಿಸಬೇಕು ಎಂದು ಮಗ ಯಶ್ವಂತ್ ಹೇಳುತ್ತಲೇ ಇದ್ದಾನೆ. ಯಾವ ಬಣ್ಣದಲ್ಲಿದೆ ಎಂದು ತಿಳಿಸಿದರೆ ಹುಡುಕಿಕೊಳ್ಳುತ್ತೇನೆ.

ಇಂತಿ,
ಚಿಕ್ಕಹನುಮಯ್ಯ


ಅನ್ನಪೂರ್ಣೇಶ್ವರಿ ನಗರ
20 ಜುಲೈ 2024

ಸಾರ್,

ನಿಮ್ಮ ಕಾಗದವನ್ನು ನಾಗೇಂದ್ರ ಸಾರ್‌ಗೆ ತೋರಿಸಿದೆ. 'ಅದೇ ಅನ್ನ, ದಿನಕ್ಕೊಂದು ಸಾರು' ಎಂಬಲ್ಲಿ ಅವರು ನಕ್ಕರು. ಆರು ವರ್ಷದಿಂದ ಬರೀ ಬಣ್ಣ ಎಂದು ನೋಡುತ್ತಿದ್ದುದು ಈಗ ಜನ ಇರುವ ಬೀದಿಯ ಹಾಗೆ ಕಾಣುತ್ತಿದೆ. ನಿಮಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ.

ಇನ್ನೊಂದು ಸಣ್ಣ ಗುಂಪು ಉಳಿದಿದೆ, ಬಲಮೂಲೆಯಲ್ಲಿ ಕಿತ್ತಳೆ ಬಣ್ಣದ್ದು. ಈಚಿನ ವರ್ಷಗಳದ್ದೇ ಪದಗಳು. 'ಹನಿಗಳು' ಎಂದು ಬರುತ್ತದೆ, 'ಯಂತ್ರಕಲಿಕೆ' ಎಂದೂ ಬರುತ್ತದೆ. ಎರಡೂ ಒಟ್ಟಿಗೆ ಯಾಕಿವೆ ಎಂದು ತಿಳಿಸುತ್ತೀರಾ?

ಇಲ್ಲಿ ಕಾಲೇಜಿನಲ್ಲಿ ದರ್ಜೆ ಕೊಡುವ ನ್ಯಾಕ್ ತಂಡ ಬರುತ್ತದೆಂದು ಇದ್ದ ಪುಸ್ತಕಗಳಿಗೆಲ್ಲ ಮತ್ತೆ ಲೇಬಲ್ ಅಂಟಿಸುತ್ತಿದ್ದೇವೆ. ಸಂಜೆ ಮನೆಗೆ ಬಂದು ಕಂಪ್ಯೂಟರ್ ತೆರೆದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ನಕ್ಷೆಯ ಕೆಲಸ ಇನ್ನೂ ಪೂರ್ತಿಯಾಗಿಲ್ಲ, ಪರಿಷ್ಕರಿಸುತ್ತಿದ್ದೇನೆ.

ನಿಮ್ಮ ವಿಶ್ವಾಸಿ,
ಚೇತನಾ


ಮಹಾಲಕ್ಷ್ಮಿ ಲೇಔಟ್
29 ಜುಲೈ 2024

ಶ್ರೀಮತಿ ಚೇತನಾ ಅವರಿಗೆ,

ಕಿತ್ತಳೆ ಗುಂಪು ಈಗಿನ ಫ್ಯಾಷನ್. ಪ್ರೋಟೀನುಗಳು ಜೀವಕೋಶದೊಳಗೆ ಎಣ್ಣೆಹನಿಯಂತೆ ಒಟ್ಟುಗೂಡುವುದು ಒಂದು, ಅದನ್ನು ಯಂತ್ರಕ್ಕೆ ಕಲಿಸಿ ಊಹಿಸುವುದು ಇನ್ನೊಂದು. ಒಂದೇ ಕಾಲಕ್ಕೆ ಬಂದವರು, ಅದಕ್ಕೇ ಒಟ್ಟಿಗೆ ಕೂತಿದ್ದಾರೆ.

ನಾನು ಕೇಳಿದ್ದಕ್ಕೆ ನೀವು ಉತ್ತರ ಬರೆದಿಲ್ಲ. ಹೊಸ ಕನ್ನಡಕ ಬಂದಿದೆ, ಆದರೂ ಕಾಣುತ್ತಿಲ್ಲ.

ಚಿಕ್ಕಹನುಮಯ್ಯ


ಅನ್ನಪೂರ್ಣೇಶ್ವರಿ ನಗರ
11 ಆಗಸ್ಟ್ 2024

ಸಾರ್,

ಹೋದ ಸಲವೇ ಬರೆಯಬೇಕಿತ್ತು. ಕೈ ಬರಲಿಲ್ಲ. ನಿಮ್ಮ ಉಳಿಕೆ ನೀರು ನಕ್ಷೆಯಲ್ಲಿಲ್ಲ.

ನಿಮ್ಮ ಕೆಲಸ ಸಣ್ಣದೆಂದು ಖಂಡಿತ ಅಲ್ಲ. ನಮ್ಮ ಕೆಲಸದ ರೀತಿ ಹಾಗಿದೆ. ಎಲ್ಲ ಪದಗಳನ್ನೂ ಹಾಕಿದರೆ ನಕ್ಷೆ ಕಪ್ಪಾಗಿಬಿಡುತ್ತದೆ, ಏನೂ ಕಾಣುವುದಿಲ್ಲ. ಅದಕ್ಕೆ ಕನಿಷ್ಠ ಹತ್ತು ಲೇಖನಗಳಲ್ಲಾದರೂ ಬಂದಿರುವ ಪದ ಮಾತ್ರ ಒಳಗೆ ಬರಲಿ ಎಂದು ಮಿತಿ ಇಡುತ್ತೇವೆ. ನಿಮ್ಮ ಒಳ್ಳೆಯ ಲೇಖನಗಳೆಲ್ಲ ಪತ್ರಿಕೆ ಕೀವರ್ಡ್ ಕೇಳಲು ಶುರುಮಾಡುವ ಮೊದಲೇ ಬಂದುಬಿಟ್ಟಿವೆ. ಕೀವರ್ಡ್ ಇಲ್ಲದ ಲೇಖನ ಸಾಫ್ಟ್‌ವೇರಿನ ಕಣ್ಣಿಗೆ ಬೀಳುವುದೇ ಇಲ್ಲ. ಆಮೇಲೆ ಬಂದವು ನಾಲ್ಕು. ನಾಲ್ಕರಲ್ಲೂ ಆ ಪದವಿದೆ. ನಿಮ್ಮನ್ನು ಬಿಟ್ಟು ಬೇರೆ ಯಾರೂ ಅದನ್ನು ಬಳಸಿಲ್ಲ.

ಇದನ್ನು ನಿಮಗೆ ಬರೆಯುವುದು ನನಗೆ ಕಷ್ಟವಾಯಿತು. ಕ್ಷಮಿಸಿ.

ಚೇತನಾ


ಮಹಾಲಕ್ಷ್ಮಿ ಲೇಔಟ್
6 ಅಕ್ಟೋಬರ್ 2024

ಚೇತನಾ,

ನಿಮ್ಮ ಕಾಗದಕ್ಕೆ ಉತ್ತರ ಬರೆಯುವುದೇ ಬೇಡವೆಂದುಕೊಂಡಿದ್ದೆ. ಅದರಲ್ಲಿ ಉತ್ತರಿಸಬೇಕಾದ್ದು ಏನೂ ಇರಲಿಲ್ಲ. ಸರಿಯಾಗಿ, ಮರ್ಯಾದೆಯಾಗಿ ಬರೆದಿದ್ದಿರಿ.

ಬೇಜಾರಾಯಿತು. ಇಷ್ಟು ವಯಸ್ಸಾದ ಮೇಲೂ ಆಗುತ್ತದೆಂದು ಗೊತ್ತಿರಲಿಲ್ಲ. ನಿವೃತ್ತನಾದ ದಿನ ಹಾರ ಹಾಕಿಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಮನೆಗೆ ಬಂದೆ. ಅಂದು ಏನೂ ಅನ್ನಿಸಲಿಲ್ಲ. ಕೆಲಸ ಅಲ್ಲೇ ಇರುತ್ತದೆ, ಯಾರಾದರೂ ಎತ್ತಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ನನ್ನ ಜೊತೆ ಕೊನೆಗೆ ಉಳಿದ ವಿದ್ಯಾರ್ಥಿ ಬೈರಯ್ಯ ಎಂಬವನು. ಕೈ ಚುರುಕು, ಬೀಜದ ಪುಡಿಯನ್ನು ತೂಗುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಒಂದು ದಿನ ಬಂದು, "ಸಾರ್, ಉಳಿಕೆ ನೀರು ಅಂದ್ರೆ ಇಂಟರ್‌ವ್ಯೂನಲ್ಲಿ ಯಾರೂ ಮುಖ ಎತ್ತಿ ನೋಡಲ್ಲ. ಸಕ್ಕರೆ ಅಂತ ಬರೆದ್ಬಿಡೋಣ, ಕೆಲ್ಸ ಸಿಗತ್ತೆ" ಎಂದ. ನನ್ನ ಕೈಯಲ್ಲಿ ಅದು ಆಗಲಿಲ್ಲ. ಅವನನ್ನು ಸಕ್ಕರೆಯವರ ಲ್ಯಾಬಿಗೆ ನಾನೇ ಹೇಳಿ ಸೇರಿಸಿದೆ. ಈಗ ದೊಡ್ಡ ಹುದ್ದೆಯಲ್ಲಿದ್ದಾನಂತೆ. ನಿಮ್ಮ ನೇರಳೆ ಚುಕ್ಕೆಗಳಲ್ಲಿ ಅವನದೂ ಒಂದಷ್ಟು ಇರಬೇಕು.

ರಾಮಕ್ಕ ಮೊನ್ನೆ, "ನೀವು ಊಟಕ್ಕೆ ಕೂತ್ರೂ ಮನಸ್ಸು ಎಲ್ಲೋ ಇರತ್ತೆ. ಆ ಹುಡುಗಿ ಏನ್ ಬರೆದ್ಲು?" ಎಂದು ಕೇಳಿದಳು. ಹೇಳಿದೆ. ಅವಳು ಓದಿದವಳಲ್ಲ, ಆದರೆ ಮೂವತ್ತೈದು ವರ್ಷ ನನಗೆ ಬುತ್ತಿ ಕಟ್ಟಿದವಳು. "ಹಾಗಾದ್ರೆ ಅಷ್ಟ್ ದಿನ ಬೆಳಗಾಗೆದ್ದು ಎಲ್ಲಿಗ್ ಹೋಗ್ತಿದ್ರಿ ನೀವು" ಎಂದಳು. ತಮಾಷೆಗೆ ಅಂದದ್ದಲ್ಲ.

ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳುತ್ತೇನೆ. ನಿಮ್ಮ ಕೆಲಸದಲ್ಲಿ ಏನಾದರೂ ದಾರಿ ಇದೆಯೇ? ದೊಡ್ಡದು ಬೇಡ, ಗುಂಪು ಬೇಡ, ಬಣ್ಣವೂ ಬೇಡ. ಒಂದು ಚುಕ್ಕೆ ಸಾಕು. ಆಗದಿದ್ದರೆ ಆಗದೆಂದು ಬರೆಯಿರಿ, ಮತ್ತೆ ಈ ಮಾತು ಎತ್ತುವುದಿಲ್ಲ.

ಚಿಕ್ಕಹನುಮಯ್ಯ


ಅನ್ನಪೂರ್ಣೇಶ್ವರಿ ನಗರ
19 ನವೆಂಬರ್ 2024

ಸಾರ್,

ಹೊಸ ನಕ್ಷೆ ಇದರ ಜೊತೆಗಿದೆ. ಮೊದಲು ಅದನ್ನು ಬಿಡಿಸಿ ನೋಡಿ, ಆಮೇಲೆ ಕಾಗದ ಓದಿ. ನೇರಳೆ ಗುಂಪಿನ ಎಡಗಡೆ, ಮೇಲೆ. ನಿಮ್ಮ ಚುಕ್ಕೆ ಬಂದಿದೆ. 'ಉಳಿಕೆ ನೀರು' ಎಂಬ ಹೆಸರು ಕೂಡ ಸ್ಪಷ್ಟವಾಗಿ ಕಾಣುತ್ತದೆ.

ನಿಮ್ಮ ಕಾಗದ ಓದಿದ ಮೇಲೆ ನನಗೆ ಬೇರೆ ಕೆಲಸ ಕೈಗೆ ಹತ್ತಲಿಲ್ಲ. ಬಾಗಲಕೋಟೆಗೆ ಫೋನ್ ಮಾಡಿದಾಗ ನನ್ನ ಅಮ್ಮ ದುರ್ಗವ್ವ ಕೂಡ "ಯಾಕ ಧ್ವನಿ ಸಣ್ಣ ಆಗೈತಿ" ಎಂದು ಕೇಳಿದಳು. ಮನೆಯಲ್ಲಿ ಹೇಳಿಕೊಂಡೆ. ನನ್ನ ಯಜಮಾನರು ಕಲ್ಮೇಶ್, "ಒಂದ್ ಚುಕ್ಕಿ ಇಟ್ರ ನಿನ್ನ ಗಂಟೇನ್ ಹೋಗತೈತಿ? ಹಿರ್ಯಾ ಮನಶ್ಯಾ ಬಾಯಿ ಬಿಟ್ಟು ಕೇಳ್ಯಾರ" ಎಂದರು. ಮಿತಿಯನ್ನು ಇಳಿಸಿ ನೋಡಿದೆ. 'ಉಪ್ಪು', 'ಬಿಸಿ', 'ಬುರುಗು' ಎಂದು ಕಸವೆಲ್ಲ ಒಳಗೆ ನುಗ್ಗಿತು. ಆಮೇಲೆ ಇನ್ನೊಂದು ದಾರಿ ಹೊಳೆಯಿತು. ಒಂದೇ ಅರ್ಥದ ಪದಗಳನ್ನು ಸೇರಿಸಿ ಒಂದೆಂದು ಎಣಿಸುವುದು ನಮ್ಮಲ್ಲಿ ವಾಡಿಕೆ. ಅದಕ್ಕೊಂದು ಪಟ್ಟಿ ಮಾಡಿ ಸಾಫ್ಟ್‌ವೇರಿಗೆ ಕೊಡುತ್ತೇವೆ. ಸಕ್ಕರೆಯವರ ಕೆಲವು ಲೇಖನಗಳಲ್ಲಿ 'ಪ್ರೋಟೀನಿನ ಸುತ್ತಲಿನ ನೀರು' ಎಂಬ ಕೀವರ್ಡ್ ಇತ್ತು. ಅದನ್ನೂ ನಿಮ್ಮದನ್ನೂ ಸೇರಿಸಿ, ನಿಮ್ಮ ಹೆಸರಿನಲ್ಲೇ ಎಣಿಸು ಎಂದೆ. ಮಿತಿ ದಾಟಿತು. ಪರದೆಯ ಮೇಲೆ ಅದು ಮೂಡಿದಾಗ ನನಗೆ ಕಣ್ಣಲ್ಲಿ ನೀರು ಬಂತು ಸಾರ್.

ನಾಗೇಂದ್ರ ಸಾರ್ ಒಪ್ಪಿದ್ದಾರೆ. "ಸೇರ್ಸೋದು ಎಲ್ರೂ ಮಾಡೋದೇ" ಎಂದರು. ದೃಢೀಕರಣ ಪತ್ರವನ್ನೂ ಇಟ್ಟಿದ್ದೇನೆ. ನೀವು ಸಹಿ ಹಾಕಿ ಕಳಿಸಿದರೆ ಪ್ರಬಂಧ ಬೈಂಡಿಂಗ್‌ಗೆ ಹೋಗುತ್ತದೆ. ಮಾರ್ಚ್ ಒಳಗೆ ಮುಗಿಯುತ್ತದೆಂದು ಮೊದಲ ಸಲ ನಂಬಿಕೆ ಬಂದಿದೆ.

ರಾಮಕ್ಕ ಅಮ್ಮನವರಿಗೆ ತೋರಿಸಿ.

ಸಂತೋಷದಿಂದ,
ಚೇತನಾ


ಮಹಾಲಕ್ಷ್ಮಿ ಲೇಔಟ್
2 ಡಿಸೆಂಬರ್ 2024

ಚೇತನಾ ಅವರಿಗೆ, ರಾಮಕ್ಕ ಹೇಳಿ ಬರೆಸೋದು. ನನಗೆ ಬರೆಯೋಕೆ ಬರಲ್ಲ, ಸೊಸೆ ಶಶಿಕಲಾ ಬರೀತಾ ಇದಾಳೆ. ನಾನು ಹೇಳಿದ ಹಾಗೇ ಬರಿ ಅಂತ ಹೇಳಿದೀನಿ.

ನಿಮ್ಮ ನಕ್ಷೆ ಬಂತಮ್ಮ. ಅವತ್ತು ಇವರನ್ನ ನೋಡ್ಬೇಕಿತ್ತು ನೀವು. ನಮ್ಮ ಯಶ್ವಂತ ಹುಟ್ಟಿದಾಗಲೂ ಹಾಗೆ ಓಡಾಡಿರ್ಲಿಲ್ಲ. ನನ್ನ ಕೈ ಹಿಡ್ದು ಕರ್ಕೊಂಡು ಬಂದು, ಇಲ್ನೋಡು, ಇದೇ ನಾನು ಅಂತ ತೋರಿಸಿದ್ರು. ನಕ್ಷೇನ ಸುತ್ಕೊಂಡು ಪಾರ್ಕಿಗೂ ಹೋದ್ರು. ಅಲ್ಲಿ ಕೂರೋ ಮುನಿರಾಮಯ್ಯನೋರು ಬೆಸ್ಕಾಂನಲ್ಲಿ ಇದ್ದೋರು, ಅವರಿಗೇನು ತಿಳಿಯತ್ತೆ, ಆದ್ರೂ ಭೇಷ್ ಅಂದ್ರಂತೆ. ರಾತ್ರಿ ಎರಡು ಮುದ್ದೆ ಉಂಡ್ರು. ಎಷ್ಟೋ ತಿಂಗಳಾಗಿತ್ತು ಹಾಗೆ ಉಂಡು.

ಮಾರನೇ ದಿನ ಭೂತಗನ್ನಡಿ ಹಿಡ್ಕೊಂಡು ಕೂತ್ರು. ಅಷ್ಟೇ ನೋಡಿ. ಕಾಫಿ ಆರಿ ತಣ್ಣಗಾಗತ್ತೆ. ಕೇಳಿದ್ರೆ, ಏನಿಲ್ಲ ಬಿಡು ಅಂತಾರೆ. ನಿಮಗೆ ಏನೋ ಬರೀಬೇಕು ಅಂತ ಹಾಳೆ ತಗೊಳ್ಳೋದು, ಹರಿಯೋದು.

ನನಗೆ ಇವರ ಬುದ್ಧಿ ಗೊತ್ತು. ಆ ಚುಕ್ಕೆ ತೆಗೀರಿ ಅಂತ ಬರೆದ್ರೂ ಬರೆದ್ರೇ. ನೀವು ತೆಗೀಬೇಡಿ. ಸಾಯೋ ಕಾಲಕ್ಕೆ ಮನುಷ್ಯನಿಗೆ ಅಷ್ಟಾದ್ರೂ ಬೇಡ್ವಾ? ಇವರು ಯಾರ ಹತ್ರವೂ ಏನೂ ಕೇಳ್ದೋರಲ್ಲ. ಕೇಳಿದ್ದು ಇದೊಂದು. ನಾನು ಬರೆಸಿದ್ದು ಇವರಿಗೆ ಹೇಳ್ಬೇಡಿ.

ಒಂದು ಸಲ ಮನೆಗೆ ಬನ್ನಿ.

ರಾಮಕ್ಕ


ಮಹಾಲಕ್ಷ್ಮಿ ಲೇಔಟ್
9 ಡಿಸೆಂಬರ್ 2024

ಚೇತನಾ,

ರಾಮಕ್ಕ ನಿಮಗೆ ಬರೆಸಿದ್ದಾಳೆ. ಹೇಳಬೇಡಿ ಎಂದಿರುತ್ತಾಳೆ, ಆದರೆ ಸೊಸೆಯ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಅವಳು ಕೇಳಿದ್ದಕ್ಕೆ ವಿರುದ್ಧವಾದದ್ದನ್ನು ನಾನು ಕೇಳಬೇಕಾಗಿದೆ.

ನಕ್ಷೆ ಬಂದ ದಿನ ನನಗಾದ ಸಂತೋಷವನ್ನು ಬಚ್ಚಿಡುವುದಿಲ್ಲ. ನಿಮ್ಮ ಕಾಗದವನ್ನೂ ಸರಿಯಾಗಿ ಓದಲಿಲ್ಲ, ಚುಕ್ಕೆ ಸಿಕ್ಕಿತು ಎಂದು ಮಡಚಿಟ್ಟುಬಿಟ್ಟೆ. ಮಾರನೆಯ ದಿನ ಭೂತಗನ್ನಡಿಯಲ್ಲಿ ನೋಡುವಾಗ ಅನುಮಾನ ಬಂತು. ಚುಕ್ಕೆ ತೀರಾ ದಪ್ಪಗಿತ್ತು. ನಾಲ್ಕು ಲೇಖನಕ್ಕೆ ಅಷ್ಟು ದಪ್ಪ ಹೇಗೆ ಬಂತು? ಅದರಿಂದ ಹೊರಟ ಗೆರೆಗಳನ್ನು ಬೆರಳಿಟ್ಟು ಹಿಂಬಾಲಿಸಿದೆ. ಒಂದೊಂದೂ ಸಕ್ಕರೆಯವರ ಮನೆಬಾಗಿಲಿಗೇ ಹೋಗಿ ನಿಂತಿತು. ಆಮೇಲೆ ನಿಮ್ಮ ಕಾಗದವನ್ನು ತೆಗೆದು ಓದಿದೆ.

ನಿಮ್ಮ ಮೇಲೆ ಸಿಟ್ಟಿಲ್ಲ. ಎರಡೂ ಕಡೆ ನೀರು ಎಂದಿದೆ, ಎರಡೂ ಒಂದೇ ಎಂದು ನಿಮಗನ್ನಿಸಿತು. ಕರುಣೆಯಿಂದ ಮಾಡಿದ್ದೀರಿ. ಆದರೆ ಏನಾಗಿದೆ ನೋಡಿ. ನೀರು ಹೊರಟುಹೋಗುತ್ತದೆ ಎಂದು ತೋರಿಸಲು ಬರೆದ ಲೇಖನಗಳನ್ನೆಲ್ಲ ತಂದು, ನೀರು ಉಳಿಯುತ್ತದೆ ಎಂದ ನನ್ನ ಹೆಸರಿನೊಳಗೆ ತುಂಬಿದ್ದೀರಿ. ಅವರ ಮೈಯಿಂದ ನನ್ನ ಚುಕ್ಕೆ ದಪ್ಪಗಾಗಿದೆ. ನಾಳೆ ಈ ನಕ್ಷೆ ನೋಡುವವರು, ಇವನೂ ಸಕ್ಕರೆಯವರ ಜೊತೆಗೇ ಇದ್ದ ಎಂದುಕೊಳ್ಳುತ್ತಾರೆ. ಜಗಳವೇ ನಡೆಯಲಿಲ್ಲ ಎಂದಾಗುತ್ತದೆ.

ಜಗಳ ನಡೆಯಿತು ಚೇತನಾ. ಹೈದರಾಬಾದಿನ ಒಂದು ಸಭೆಯಲ್ಲಿ ನಾನು ಮಾತಾಡಲು ನಿಂತಾಗ ಜನ ಸಾಲಾಗಿ ಎದ್ದು ಕಾಫಿಗೆ ಹೋದರು. ಖಾಲಿ ಕುರ್ಚಿಗಳಿಗೆ ಪೂರ್ತಿ ಸ್ಲೈಡ್ ತೋರಿಸಿ ಕೆಳಗಿಳಿದಿದ್ದೇನೆ. ಸಕ್ಕರೆ ಎಂದು ಒಂದು ಮಾತು ಬರೆದಿದ್ದರೆ ಲ್ಯಾಬ್ ಉಳಿಯುತ್ತಿತ್ತು, ಬೈರಯ್ಯ ಉಳಿಯುತ್ತಿದ್ದ. ನಾನು ಬರೆಯಲಿಲ್ಲ. ಬೀಜದಲ್ಲಿ ನನಗೆ ಕಂಡದ್ದು ಅದಲ್ಲ. ನಾನು ಹೇಳಿದ್ದು ತಪ್ಪಿರಬಹುದು. ತಪ್ಪೆಂದೇ ತೀರ್ಮಾನವಾಗಲಿ, ಯಾರೂ ಓದದೆ ಹೋಗಲಿ, ಅದನ್ನು ತಡೆದುಕೊಳ್ಳುತ್ತೇನೆ. ನಾನು ಹೇಳದೇ ಇದ್ದದ್ದನ್ನು ನನ್ನ ಹೆಸರಿನಲ್ಲಿ ಹೇಳಿಸಬೇಡಿ.

ಕೇಳಿದವನೂ ನಾನೇ, ಬೇಡವೆನ್ನುವವನೂ ನಾನೇ. ನಿಮಗೆ ಎರಡು ಸಲ ಕೆಲಸ ಕೊಟ್ಟೆ, ಮಾರ್ಚ್ ಹತ್ತಿರ ಬರುತ್ತಿದೆ ಎಂದೂ ಗೊತ್ತು. ಆದರೆ ಚುಕ್ಕೆ ಇರುವ ನಕ್ಷೆಗೆ ನನ್ನಿಂದ ಸಹಿ ಹಾಕಲಾಗದು. ತೆಗೆದು ಕಳಿಸಿ, ಹಾಕುತ್ತೇನೆ.

ತುಂಬಾ ಆಯಾಸವಾಗಿದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಚಿಕ್ಕಹನುಮಯ್ಯ


ಅನ್ನಪೂರ್ಣೇಶ್ವರಿ ನಗರ
22 ಜನವರಿ 2025

ಸಾರ್,

ಇಷ್ಟು ದಿನ ಬರೆಯಲಿಲ್ಲ. ನಿಮ್ಮ ಕಾಗದವನ್ನೂ ರಾಮಕ್ಕ ಅಮ್ಮನವರ ಕಾಗದವನ್ನೂ ಒಂದೇ ಬ್ಯಾಗಿನಲ್ಲಿಟ್ಟುಕೊಂಡು ಕಾಲೇಜಿಗೂ ಮನೆಗೂ ಓಡಾಡಿದೆ. ಸಂಕ್ರಾಂತಿಗೆ ಊರಿಗೂ ಹೋಗಲಿಲ್ಲ.

ನಾಗೇಂದ್ರ ಸಾರ್ ಬೇಸರಪಟ್ಟುಕೊಂಡರು. "ನಕ್ಷೆ ಬದಲಾದ್ರೆ ಟೇಬಲ್ ಎಲ್ಲ ಬದಲಾಗತ್ತೆ, ಮತ್ತೆ ಪ್ರೂಫ್ ನೋಡ್ಬೇಕು. ಬೇರೆ ಯಾರ್ದಾದ್ರೂ ಸಹಿ ಹಾಕಿಸ್ಕೊಂಡ್ಬಿಡಮ್ಮ, ಯಾರ್ ನೋಡ್ತಾರೆ" ಎಂದರು. ಯಾರೂ ನೋಡುವುದಿಲ್ಲ, ಅದು ನಿಜ. ನಮ್ಮ ಪ್ರಬಂಧಗಳನ್ನು ಪರೀಕ್ಷಕರೂ ಪೂರ್ತಿ ಓದುವುದಿಲ್ಲ. ಬೇರೆಯವರ ಸಹಿ ಸಿಗುತ್ತಿತ್ತು, ಅಮ್ಮನವರ ಮಾತೂ ಉಳಿಯುತ್ತಿತ್ತು. ಒಂದು ವಾರ ಹಾಗೇ ಮಾಡಿಬಿಡುವುದೆಂದಿದ್ದೆ. ಆದರೆ ಆ ನಕ್ಷೆ ತೆರೆದಾಗಲೆಲ್ಲ ನೇರಳೆ ಗುಂಪಿನಲ್ಲಿ ನಿಮ್ಮನ್ನು ಬಲವಂತವಾಗಿ ಕೂರಿಸಿದ ಹಾಗೆ ಕಾಣುತ್ತಿತ್ತು. ನೀವು ಹೇಳುವವರೆಗೆ ಅದು ನನಗೆ ಸಂತೋಷದ ಚುಕ್ಕೆಯಾಗಿತ್ತು.

ತೆಗೆದೆ. ಪಟ್ಟಿಯಲ್ಲಿ ಒಂದು ಸಾಲನ್ನು ಅಳಿಸಿ ಗುಂಡಿ ಒತ್ತಿದರೆ ಸಾಕು, ಅಷ್ಟೇ ಕೆಲಸ. ನಕ್ಷೆ ಒಂದು ಕ್ಷಣ ಮಾಯವಾಗಿ ಮತ್ತೆ ಬಂತು. ನೀವಿದ್ದ ಜಾಗ ಖಾಲಿಯಾಗಿ ಉಳಿಯುತ್ತದೆಂದುಕೊಂಡಿದ್ದೆ. ಹಾಗಾಗಲಿಲ್ಲ. ಅಕ್ಕಪಕ್ಕದವು ಸರಿದು ಅಲ್ಲಿ ಕೂತುಬಿಟ್ಟವು. ಓದುವ ಕೋಣೆಯಲ್ಲಿ ಹುಡುಗರಿದ್ದರು, ಪುಸ್ತಕದ ಕಪಾಟಿನ ಹಿಂದೆ ಹೋಗಿ ಅತ್ತೆ.

ಟೇಬಲ್‌ಗಳನ್ನೆಲ್ಲ ಮತ್ತೆ ಮಾಡಿ ಮುಗಿಸಿದ್ದೇನೆ. ಹೊಸ ನಕ್ಷೆಯೂ ದೃಢೀಕರಣ ಪತ್ರವೂ ಜೊತೆಗಿವೆ. ಅಮ್ಮನವರಿಗೆ ಏನು ಬರೆಯಬೇಕೋ ನನಗೆ ತಿಳಿಯಲಿಲ್ಲ. ಅವರಿಗೆ ಉತ್ತರ ಬರೆದಿಲ್ಲ.

ಚೇತನಾ


ಮಹಾಲಕ್ಷ್ಮಿ ಲೇಔಟ್
14 ಫೆಬ್ರವರಿ 2025

ಚೇತನಮ್ಮ,

ನಕ್ಷೆ ತಲುಪಿತು. ಮೂಲೆಯಿಂದ ಮೂಲೆಗೆ ಹುಡುಕಿದೆ. ನಾನು ಎಲ್ಲೂ ಇಲ್ಲ. ನಕ್ಷೆ ಸರಿಯಾಗಿದೆ. ಸಹಿ ಹಾಕಿ ಇದರೊಂದಿಗೆ ಕಳಿಸಿದ್ದೇನೆ.

ಕಪಾಟಿನ ಹಿಂದೆ ಹೋಗಿ ಅತ್ತೆ ಎಂದು ಬರೆದಿದ್ದೀರಿ. ಆ ಕೆಲಸಕ್ಕಾಗಿ ಅತ್ತವರು ನೀವೊಬ್ಬರೇ ಎಂದು ಕಾಣುತ್ತದೆ. ನಾನಂತೂ ಅಳಲಿಲ್ಲ, ರೇಗಾಡಿದೆ. ನಿಮ್ಮ ಋಣ ದೊಡ್ಡದು.

ಸಹಿ ಹಾಕುವಾಗ ರಾಮಕ್ಕ ಪಕ್ಕಕ್ಕೆ ಬಂದು ನಿಂತಳು. ನಕ್ಷೆಯನ್ನು ನೋಡಿ, ನನ್ನನ್ನು ನೋಡಿ, "ತೆಗೆಸ್ಬಿಟ್ರಾ?" ಎಂದಳು. ಇಲ್ಲ, ಜಾಗ ಬದಲಾಯಿಸಿದ್ದಾರೆ ಅಷ್ಟೇ ಎಂದೆ. "ಎಲ್ಲಿದೆ, ತೋರ್ಸಿ" ಎಂದಳು. ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಕೆಳಗೆ, ಗುಂಪುಗಳ ನಡುವೆ, ಒಂಟಿಯಾಗಿದ್ದ ಒಂದು ಬೂದು ಚುಕ್ಕೆಯ ಮೇಲೆ ಬೆರಳಿಟ್ಟು ಇದೇ ಎಂದೆ. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು. "ಸಣ್ಣಗಾಗೋಗಿದೆ" ಎಂದು ಹೇಳಿ, ಸೆರಗಿನಿಂದ ಅದನ್ನು ಒರೆಸಿ ಒಳಗೆ ಹೋದಳು.

ಅದು 'ಉಷ್ಣತೆ' ಎಂಬ ಚುಕ್ಕೆ. ಯಾರ ಪಕ್ಷದ್ದೂ ಅಲ್ಲ. ನೀವು ಮನೆಗೆ ಬಂದಾಗ ಅವಳು ಕೇಳಿಯೇ ಕೇಳುತ್ತಾಳೆ. ಅದನ್ನೇ ತೋರಿಸಿ.

ಚಿಕ್ಕಹನುಮಯ್ಯ